ಮಂಗಳೂರಿನ ದಂಪತಿ ಹೋಟೆಲ್ ಪಾರ್ಸೆಲ್ ಮತ್ತು ಮದ್ಯ ಎರಡನ್ನೂ ಬಿಟ್ಟರೆ ತೂಕ ಇಳಿಯುತ್ತದೆಯೇ?

ಸಾಮಾನ್ಯವಾಗಿ ಇಳಿಯುತ್ತದೆ. ಒಂದು ಗ್ರಾಂ ಮದ್ಯಸಾರದಲ್ಲಿ 7 ಕ್ಯಾಲೊರಿ ಇದೆ, ಶೇ. 5ರ 650 ಮಿ.ಲೀ. ಬಿಯರ್ ಬಾಟಲಿಯಲ್ಲಿ ಅದೊಂದರಿಂದಲೇ ಸುಮಾರು 180. ಯಕೃತ್ತು ಮೊದಲು ಮದ್ಯಸಾರವನ್ನು ವಿಲೇವಾರಿ ಮಾಡುವುದರಿಂದ ಅಷ್ಟು ಹೊತ್ತು ಕೊಬ್ಬು ಕರಗುವುದು ನಿಧಾನವಾಗುತ್ತದೆ. ಜೊತೆಗೆ ತಿನ್ನುವ ಕಬಾಬ್, ಕಾಣೆ ಫ್ರೈಗಳ ಎಣ್ಣೆ ಬೇರೆ.

ಪಾರ್ಸೆಲ್ ಬಿಟ್ಟು ಮನೆಯಲ್ಲೇ ತುಪ್ಪ ಸುರಿದು ಘೀ ರೋಸ್ಟ್ ಮಾಡಿದರೆ ಪ್ರಯೋಜನವಿಲ್ಲ. ಬಂಗುಡೆ ಪುಳಿಮುಂಚಿಗೆ ಎಣ್ಣೆ ಕಡಿಮೆ ಸಾಕು. ಕುಚ್ಚಲಕ್ಕಿ ಅನ್ನ ಮಿತವಾಗಿರಲಿ. ಇಬ್ಬರೂ ಒಟ್ಟಿಗೇ ಬಿಡಿ, ಒಬ್ಬರು ತಿನ್ನುವಾಗ ಇನ್ನೊಬ್ಬರು ತಡೆದುಕೊಳ್ಳುವುದು ನಿಜಕ್ಕೂ ಕಷ್ಟ. ಮೊದಲ ವಾರದ ಇಳಿಕೆಯಲ್ಲಿ ನೀರಿನ ತೂಕವೂ ಸೇರಿರುತ್ತದೆ. ಆಮೇಲೆ ನಿಧಾನವಾದರೆ ಎದೆಗುಂದಬೇಡಿ.

ದಿನವೂ ವಿಪರೀತ ಕುಡಿಯುವವರು ಮಾತ್ರ ಒಮ್ಮೆಲೇ ನಿಲ್ಲಿಸಬಾರದು. ನಡುಕ, ಫಿಟ್ಸ್ ಬರಬಹುದು. ಮೊದಲು ವೈದ್ಯರನ್ನು ಕಾಣಲಿ.