ಹೊಳೆ ಇಳಿದ ಮೇಲೆ ಚಿಕ್ಕೋಡಿ ಕಡೆ ಏನಾಗುತ್ತದೆ?

ನೀರು ಬರುತ್ತದೆ ಅಂತ ಗೊತ್ತಿದ್ದೂ ನಿಮ್ಮ ಜನ ಯಾಕೆ ಬೇಗ ಊರು ಬಿಡೋದಿಲ್ಲ ಅಂತ ಕೇಳಿದ್ದೀರಿ. ಸುದ್ದಿಯೇನೋ ಬೇಗನೇ ಸಿಗುತ್ತದೆ. ಮಹಾರಾಷ್ಟ್ರದ ಕೊಲ್ಹಾಪುರದ ರಾಜಾರಾಮ ಬಂಧಾರದ (ಅಡ್ಡಗಟ್ಟೆ) ಹತ್ತಿರ ಪಂಚಗಂಗೆ ಹೊಳೆ 39 ಅಡಿ ಮುಟ್ಟಿದರೆ ಎಚ್ಚರಿಕೆ, 43 ಆದರೆ ಅಪಾಯ. ಆ ನೀರು ನರಸೋಬಾವಾಡಿಯಲ್ಲಿ ಕೃಷ್ಣೆ ಸೇರಿ ನಮ್ಮ ಕಡೆ ಇಳಿಯುತ್ತದೆ. ಹಾಗಾಗಿ ಸುದ್ದಿ ಕೇಳೋದು ಮರಾಠಿಯಲ್ಲಿ, ಗಂಟುಮೂಟೆ ಕಟ್ಟೋದು ಕನ್ನಡದಲ್ಲಿ!

ಆದರೆ ಎಮ್ಮೆ ಬಿಟ್ಟು ಯಾರು ಹೋಗ್ತಾರೆ? ಕಾಳಜಿ ಕೇಂದ್ರದಲ್ಲಿ ನಮಗೆ ಊಟ ಸಿಗುತ್ತದೆ. ದನಕರುಗಳಿಗೆ ಜಾಗ, ಮೇವು ಇದೆ ಅಂತ ಗೊತ್ತಾದರೆ ಮಾತ್ರ ಮನೆಯವರು ಕಾಲು ತೆಗೆಯುತ್ತಾರೆ.

2005, 2019, 2021ರ ನೆರೆ ಕಂಡವರು ನೀರು ಇಳಿದ ಮೇಲೇ ಜಾಸ್ತಿ ಹುಷಾರಾಗಿರುತ್ತಾರೆ. ಕೊಟ್ಟಿಗೆಯ ಸಗಣಿ, ಶೌಚದ ಗುಂಡಿ, ಹೊಲದ ಔಷಧಿ ಡಬ್ಬಿ ಎಲ್ಲಾ ಕಲೆಸಿದ ರಾಡಿ ಬಾವಿಗೂ ಇಳಿದಿರುತ್ತದೆ. ಅವಸರಕ್ಕೆ ಬಾವಿ ಪೂರ್ತಿ ಬತ್ತಿಸಬೇಡಿ. ಸುತ್ತಲಿನ ಮಣ್ಣು ನೀರು ಕುಡಿದು ಮೆತ್ತಗಾಗಿರುತ್ತದೆ, ಗೋಡೆ ಕುಸಿಯಬಹುದು. ಬ್ಲೀಚಿಂಗ್ ಪೌಡರ್ ಕೂಡ ರಾಡಿ ನೀರಿನಲ್ಲಿ ಸರಿಯಾಗಿ ಕೆಲಸ ಮಾಡೋದಿಲ್ಲ. ತಿಳಿಯಾದ ಮೇಲೆ ಹಾಕಿ, ಕನಿಷ್ಠ ಅರ್ಧ ಗಂಟೆ ಬಿಡಬೇಕು. ಆಮೇಲೂ ಕೆಲವು ದಿನ ಕುದಿಸಿಯೇ ಕುಡಿಯೋದು ಒಳ್ಳೇದು. ಆದರೆ ಹೊಲದ ಔಷಧಿ ಬೆರೆತಿದ್ದರೆ ಕುದಿಸಿದರೂ ಹೋಗೋದಿಲ್ಲ. ಅನುಮಾನ ಇದ್ದರೆ ನೀರು ಪರೀಕ್ಷೆ ಆಗೋವರೆಗೂ ಟ್ಯಾಂಕರ್ ನೀರೇ ಗತಿ.

ಕೊಟ್ಟಿಗೆಯ ಕೆಸರು ಬಳಿದು ತೆಗೆಯುವಾಗ ನಮ್ಮವರು ಬರಿಗಾಲಲ್ಲೇ ಇಳಿಯುತ್ತಾರೆ, ನನಗೆ ಸಿಟ್ಟು ಬರೋದೇ ಅಲ್ಲಿ. ಇಲಿ, ದನಗಳ ಉಚ್ಚೆ ಬೆರೆತ ಕೆಸರಿನಿಂದ ಇಲಿಜ್ವರದ ರೋಗಾಣು ಒಡೆದ ಹಿಮ್ಮಡಿಯಲ್ಲೂ ಒಳಗೆ ಹೋಗುತ್ತದೆ. ಜ್ವರ ಬರೋದು ವಾರ, ಎರಡು ವಾರ ಬಿಟ್ಟು. ಅಷ್ಟೊತ್ತಿಗೆ ಕೆಸರು ಮರೆತೇ ಹೋಗಿರುತ್ತದೆ. ಡಾಕ್ಟರ ಹತ್ತಿರ ಹೋದಾಗ "ನೆರೆ ನೀರಲ್ಲಿ ನಿಂತಿದ್ದೆ" ಅಂತ ಹೇಳಲೇಬೇಕು.

ಎಮ್ಮೆಗಳಿಗೆ ಗಳಲೆ ರೋಗದ ಭಯ. ಗಂಟಲು ಬಾತು, ಉಸಿರು ಕಟ್ಟಿ, ಒಂದೆರಡು ದಿನದಲ್ಲೇ ಸಾಯಬಹುದು. ಅದಕ್ಕೇ ಮಳೆಗಾಲಕ್ಕೆ ಮುಂಚೆ ಲಸಿಕೆ. ಇನ್ನು ನೆನೆದ ಕಣಿಕೆ, ಅಂದರೆ ಜೋಳದ ಒಣ ದಂಟಿನ ಮೇವು. ಬಣವೆಯ ಮೇಲ್ಭಾಗ ಒಣಗಿದಂತೆ ಕಾಣುತ್ತದೆ. ಒಳಗೆ ಕೈ ಹಾಕಿದರೆ ಬಿಸಿ, ಮುಗ್ಗಲು ವಾಸನೆ, ಕಪ್ಪು ಬೂಷ್ಟು. ಅದನ್ನು ತಿನ್ನಿಸಿದರೆ ಬೂಷ್ಟಿನ ವಿಷ ಹಾಲಿಗೂ ಬರಬಹುದು. ಮೇವಿಲ್ಲದ ಹೊತ್ತಲ್ಲಿ ಚೆಲ್ಲೋಕೆ ಹೊಟ್ಟೆ ಉರಿಯುತ್ತದೆ, ಆದರೂ ಚೆಲ್ಲಬೇಕು.

ಸತ್ತ ದನವನ್ನು ಹೊಳೆಗೆ ತಳ್ಳಿದರೆ ಕೆಳಗಿನ ಊರಿಗೆ ಕಳಿಸಿದ ಹಾಗೆ. ಬಾವಿ, ಹಳ್ಳದಿಂದ ದೂರ, ಆಳವಾದ ಗುಂಡಿ ತೆಗೆದು ಸುಣ್ಣ ಹಾಕಿ ಹೂಳಬೇಕು.

ಸಹಾಯ ಕಳಿಸೋದಾದರೆ ಹಳೆ ಬಟ್ಟೆ ಬೇಡ, ಅದು ಪ್ರತಿ ಸಲ ರಾಶಿ ಬೀಳುತ್ತದೆ. ಗಂಬೂಟು, ಬ್ಲೀಚಿಂಗ್ ಪೌಡರ್, ಒಣ ಮೇವು ಕಳಿಸಿ. ಮೇವಿನ ಲಾರಿಗೆ ತಾಡಪಾಲು ಹೊದಿಸಿರಲಿ, ದಾರಿಯಲ್ಲೂ ಮಳೆ ಇರುತ್ತದೆ.