ಥರ್ಲ್ಸ್ ಸಿನೋಡ್ ಕುರಿತ ನಿಮ್ಮ ಲೇಖನದ ಬಗ್ಗೆ

ಮಾನ್ಯರೇ,

1850ರಲ್ಲಿ ಐರ್ಲೆಂಡಿನ ಥರ್ಲ್ಸ್ ಪಟ್ಟಣದಲ್ಲಿ ನಡೆದ ಕ್ಯಾಥೊಲಿಕ್ ಧರ್ಮಾಧ್ಯಕ್ಷರ (ಬಿಷಪ್ಪರ) ಸಿನೋಡನ್ನೂ, ಅಂದರೆ ಅಧಿಕೃತ ಕೂಟವನ್ನೂ, ಅದರ ಸುಧಾರಣೆಗಳನ್ನೂ ಕುರಿತು ನೀವು ಕಳುಹಿಸಿದ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ನೀವು ಪಟ್ಟ ಶ್ರಮ ಪ್ರತಿ ಪುಟದಲ್ಲೂ ಕಾಣುವುದರಿಂದ, ಒಂದು ಸಾಲಿನ ವಿಷಾದಪತ್ರದ ಬದಲು ಕಾರಣಗಳನ್ನೇ ಬರೆಯುತ್ತಿದ್ದೇನೆ.

ಅನುಭವ ಮಂಟಪದೊಡನೆ ಹೋಲಿಸುವ ಮೊದಲ ಪುಟವನ್ನು ಪೂರ್ತಿ ತೆಗೆಯಿರಿ. ಧರ್ಮಾಧ್ಯಕ್ಷರು ಮತ ಹಾಕಿ, ನಿರ್ಣಯಗಳನ್ನು ಲ್ಯಾಟಿನ್ನಿನಲ್ಲಿ ಬರೆದು, ರೋಮ್ ನಗರದ ಒಪ್ಪಿಗೆಗಾಗಿ ಕಾದ ಕೂಟಕ್ಕೂ ಶರಣರು ಕನ್ನಡದಲ್ಲಿ ಮಾತಾಡಿದ ಮಂಟಪಕ್ಕೂ, ಹತ್ತು ಜನ ಒಂದೆಡೆ ಕೂತಿದ್ದರು ಎಂಬುದನ್ನು ಬಿಟ್ಟರೆ, ಹೋಲಿಕೆ ಸಿಗುವುದು ಕಷ್ಟ. ಪದಗಳ ವಿಷಯದಲ್ಲೂ ಎಚ್ಚರ ಸಾಲದು. ‘ಸಭೆಯು ಸಭೆಯ ನಿರ್ಣಯವನ್ನು ಸಭೆಯ ಮೇಲೆ ಹೇರಿತು’ ಎಂಬ ನಿಮ್ಮ ವಾಕ್ಯದಲ್ಲಿ ಮೊದಲ ಸಭೆ ಸಿನೋಡ್, ಕೊನೆಯ ಸಭೆ ಭಕ್ತಸಮುದಾಯ ಎಂದು ಊಹಿಸಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ನಮ್ಮ ಕ್ಯಾಥೊಲಿಕರು ‘ಧರ್ಮಸಭೆ’ ಎಂಬ ಪದವನ್ನು ಬಳಸುತ್ತಾರೆ; ಕೂಟಕ್ಕೆ ‘ಸಿನೋಡ್’ ಎಂದೇ ಇರಲಿ.

ಪಾಲ್ ಕಲನ್ ಅವರನ್ನು ನೀವು ಆರಂಭದಿಂದಲೇ ‘ಡಬ್ಲಿನ್ನಿನ ಕಾರ್ಡಿನಲ್’ ಎಂದು ಕರೆದಿದ್ದೀರಿ. ಆಗಸ್ಟ್ 22ರಂದು ಸಿನೋಡ್ ಆರಂಭವಾದಾಗ ಅವರು ಆರ್ಮಾದ ಮಹಾಧರ್ಮಾಧ್ಯಕ್ಷರು, ಪೋಪರ ಪ್ರತಿನಿಧಿ, ಹಲವು ವರ್ಷ ರೋಮಿನಲ್ಲಿದ್ದು ಆಗಷ್ಟೇ ತಾಯ್ನಾಡಿಗೆ ಮರಳಿದ್ದವರು. ಡಬ್ಲಿನ್ ಪೀಠಕ್ಕೆ ಅವರು ಬಂದದ್ದು 1852ರಲ್ಲಿ, ಕಾರ್ಡಿನಲ್ ಆದದ್ದು 1866ರಲ್ಲಿ. ಇದು ಬರಿಯ ಇಸವಿಯ ತಪ್ಪಲ್ಲ. ಸಿನೋಡಿನ ಹೊತ್ತಿಗೆ ಡಬ್ಲಿನ್ ಪೀಠದಲ್ಲಿದ್ದ ಎಂಬತ್ತು ದಾಟಿದ ಡೇನಿಯಲ್ ಮರ್ರಿ, ಬೆಲ್‌ಫಾಸ್ಟ್, ಕಾರ್ಕ್ ಮತ್ತು ಗಾಲ್ವೇಗಳಲ್ಲಿ ಸರ್ಕಾರ ತೆರೆದಿದ್ದ ಕ್ವೀನ್ಸ್ ಕಾಲೇಜುಗಳನ್ನು, ಅವು ಯಾವ ಪಂಥಕ್ಕೂ ಸೇರದವಾದ್ದರಿಂದ, ಕ್ಯಾಥೊಲಿಕರು ದೂರವಿಡಬೇಕೆಂಬ ಕಲನ್ ಅವರ ನಿಲುವನ್ನು ಒಪ್ಪದವರ ಮುಂದಾಳಾಗಿದ್ದರು. ಮರ್ರಿ ಅವರ ಕುರ್ಚಿಯಲ್ಲಿ ಕಲನ್ ಅವರನ್ನು ಕೂರಿಸಿದಾಗ ನಿಮ್ಮ ಲೇಖನದಿಂದ ಆ ಜಗಳವೇ ಮಾಯವಾಗಿ, ಕೂದಲೆಳೆಯ ಅಂತರದಲ್ಲಿ ಗೆದ್ದ ಪಕ್ಷ ಸರ್ವಾನುಮತದಿಂದ ಗೆದ್ದಂತೆ ಕಾಣುತ್ತದೆ.

ಇನ್ನು ನನ್ನ ಮುಖ್ಯ ಆಕ್ಷೇಪ. ನಿರ್ಣಯಗಳನ್ನು ಒಂದರ ಕೆಳಗೊಂದು ಜೋಡಿಸಿ ನಾಲ್ಕು ಪುಟ ತುಂಬಿಸಿದ್ದೀರಿ, ಆದರೆ ಅವುಗಳಲ್ಲಿ ಹಳ್ಳಿಯ ಮನೆಬಾಗಿಲಿನವರೆಗೆ ತಲುಪಿದ್ದು ಒಂದು, ಅದಕ್ಕೆ ನೀವು ಕೊಟ್ಟದ್ದು ಅರ್ಧ ವಾಕ್ಯ. ಕ್ಯಾಥೊಲಿಕರ ಮೇಲೆ ದಂಡನೆಯ ಕಾನೂನುಗಳಿದ್ದ ಕಾಲದಲ್ಲಿ ಬೇರೂರಿದ ‘ಸ್ಟೇಷನ್’ ಪದ್ಧತಿಯಲ್ಲಿ ಗುರುಗಳು (ಪಾದ್ರಿಗಳು) ಸರದಿಯಂತೆ ಒಂದೊಂದು ಮನೆಗೆ ಬಂದು, ನೆರೆಹೊರೆಯವರ ಪಾಪನಿವೇದನೆ ಕೇಳಿ, ಅಲ್ಲೇ ಬಲಿಪೂಜೆ (ಮಾಸ್) ಅರ್ಪಿಸಿ, ಕಾಣಿಕೆ ಪಡೆದು, ಮನೆಯವರು ಬಡಿಸಿದ್ದನ್ನು ಉಂಡು ಹೋಗುತ್ತಿದ್ದರು. ಜ್ಞಾನಸ್ನಾನ, ಮದುವೆಗಳೂ ಎಷ್ಟೋ ಕಡೆ ಮನೆಯಲ್ಲೇ ನಡೆಯುತ್ತಿದ್ದವು. ಇವು ಚರ್ಚಿನೊಳಗೇ ಆಗಬೇಕೆಂದು ಥರ್ಲ್ಸ್ ವಿಧಿಸಿದಾಗ, ಸುಣ್ಣ ಬಳಿದು ಗುರುಗಳಿಗಾಗಿ ಕಾಯುತ್ತಿದ್ದ ಮನೆಯೊಡತಿಯ ಕೈಯಿಂದ ಏನು ಜಾರಿತು? ಅದನ್ನು ಬರೆಯಬೇಕಿತ್ತು. ಪದ್ಧತಿ ‘ರದ್ದಾಯಿತು’ ಎಂಬ ನಿಮ್ಮ ಮಾತೂ ನಿಜವಲ್ಲ. ಮನೆಯಲ್ಲಿ ನಡೆಯುವ ಸ್ಟೇಷನ್ ಬಲಿಪೂಜೆ ಐರ್ಲೆಂಡಿನ ಕೆಲವು ಹಳ್ಳಿಗಳಲ್ಲಿ ನಮ್ಮ ಕಾಲದವರೆಗೂ ಉಳಿದು ಬಂದಿದೆ. ಆಜ್ಞೆ ಹೊರಟಿತು ಎಂದ ಮಾತ್ರಕ್ಕೆ ಊರು ಬದಲಾಯಿತೆಂದು ಬರೆಯಬೇಡಿ.

‘ಭಕ್ತಿಕ್ರಾಂತಿ’ ಎಂಬ ಪದವನ್ನು ನಿಮ್ಮದೇ ಎಂಬಂತೆ ಬಳಸಿದ್ದೀರಿ. 1850ರ ನಂತರದ ದಶಕಗಳಲ್ಲಿ ಐರಿಷ್ ಕ್ಯಾಥೊಲಿಕರು ತಪ್ಪದೆ ಚರ್ಚಿಗೆ ಹೋಗುವ ಭಕ್ತರಾಗಿ ಬದಲಾದರು ಎಂಬ ಆ ಕಲ್ಪನೆಯನ್ನು 1972ರಲ್ಲಿ ಮುಂದಿಟ್ಟವರು ಅಮೆರಿಕದ ಇತಿಹಾಸಕಾರ ಎಮೆಟ್ ಲಾರ್ಕಿನ್. ಅವರ ಹೆಸರು ಹೇಳಬೇಕು, ಅವರ ವಾದಕ್ಕೆ ಬಂದ ಆಕ್ಷೇಪಗಳನ್ನೂ ಹೇಳಬೇಕು. 1841ರಲ್ಲಿ ಸುಮಾರು 82 ಲಕ್ಷವಿದ್ದ ಐರ್ಲೆಂಡಿನ ಜನಸಂಖ್ಯೆ 1851ರ ಹೊತ್ತಿಗೆ ಸುಮಾರು 65 ಲಕ್ಷಕ್ಕೆ ಇಳಿದಿತ್ತು. ಆಲೂಗಡ್ಡೆ ಕೊಳೆತ ಆ ಕ್ಷಾಮದಲ್ಲಿ ಸತ್ತವರಲ್ಲೂ ಹಡಗು ಹತ್ತಿದವರಲ್ಲೂ ಹೆಚ್ಚಿನವರು ಬಡವರು, ಚರ್ಚಿನ ಶಿಸ್ತು ಅಷ್ಟಾಗಿ ಮುಟ್ಟದಿದ್ದವರು. ಅವರು ಇಲ್ಲವಾದ ಮೇಲೆ, ಗುರುಗಳ ಸಂಖ್ಯೆ ಒಂದೂ ಏರದಿದ್ದರೂ ತಲೆಗೆ ಇಷ್ಟು ಗುರುಗಳೆಂಬ ಲೆಕ್ಕ ತಾನಾಗಿಯೇ ಏರುತ್ತದೆ. ಹೊಸ ಚರ್ಚುಗಳನ್ನು ಕಟ್ಟುವ ಕೆಲಸವಂತೂ ಕ್ಷಾಮಕ್ಕೆ ಮೊದಲೇ ನಡೆದಿತ್ತು. ಇಷ್ಟೆಲ್ಲ ಇರುವಾಗ ‘ಥರ್ಲ್ಸ್ ಒಂದು ಜನಾಂಗವನ್ನೇ ಬದಲಿಸಿತು’ ಎಂಬ ನಿಮ್ಮ ಕೊನೆಯ ವಾಕ್ಯ ನಿಲ್ಲುವುದಿಲ್ಲ. ಕ್ಷಾಮದ ಹೆಸರು ನಿಮ್ಮ ಲೇಖನದಲ್ಲಿ ಒಮ್ಮೆ ಮಾತ್ರ, ಅದೂ ಆವರಣದೊಳಗೆ ಬಂದಿದೆ.

ಕ್ವೀನ್ಸ್ ಕಾಲೇಜುಗಳಿಗೆ ಬದಲಾಗಿ 1854ರಲ್ಲಿ ಇಂಗ್ಲಿಷ್ ಧರ್ಮಶಾಸ್ತ್ರಜ್ಞ ಜಾನ್ ಹೆನ್ರಿ ನ್ಯೂಮನ್ ಅವರ ನೇತೃತ್ವದಲ್ಲಿ ತೆರೆದ ಕ್ಯಾಥೊಲಿಕ್ ವಿಶ್ವವಿದ್ಯಾಲಯದ ಕಥೆಗೆ ಒಂದು ಪ್ಯಾರಾ ಸಾಕು. ತಿದ್ದಿದ ಪ್ರತಿಯನ್ನು ಸಿನೋಡಿನ ಉದ್ಘಾಟನೆಯಿಂದಲ್ಲ, ಗುರುಗಳು ಬರಲಿರುವ ಆ ಮನೆಯಿಂದ ಆರಂಭಿಸಿ, ಎರಡು ಸಾವಿರ ಪದಗಳೊಳಗೆ ಮುಗಿಸಿ ಕಳುಹಿಸಿದರೆ ಮತ್ತೆ ಓದುತ್ತೇನೆ.

ಇಂತು,
ಸಂಪಾದಕ