ದರ್ಶಿನಿಗೆ ಬಿಲ್ಲಿಂಗ್ ಸಿಸ್ಟಮ್: ಮೂರು ವರ್ಷದ ಪ್ಯಾಕೇಜಿಗೆ ದುಡ್ಡು ಕಟ್ಟೋ ಮೊದಲು ಇದನ್ನ ಓದಿ

ತುಮಕೂರು ಬಸ್ ಸ್ಟ್ಯಾಂಡ್ ಹತ್ತಿರ ದರ್ಶಿನಿ ಶುರು ಮಾಡ್ತಿರೋ ಅಣ್ಣ, ತಗೋಬಹುದಾ ಅಂತ ಕೇಳಿ ನೀವು ಈ ಗುಂಪಲ್ಲಿ ಹಾಕಿದ ಬಿಲ್ಲಿಂಗ್ ಸಾಫ್ಟ್‌ವೇರ್ ಕೊಟೇಷನ್ ಫೋಟೋ ನೋಡಿದೆ. ಟೇಬಲ್ ಮ್ಯಾನೇಜ್‌ಮೆಂಟ್, ವೇಟರ್ ಆರ್ಡರ್ ತಗೊಳ್ಳೋ ಕ್ಯಾಪ್ಟನ್ ಆ್ಯಪ್, ಲಾಯಲ್ಟಿ ಪಾಯಿಂಟ್, ರೆಸಿಪಿ ಲೆಕ್ಕದ ಸ್ಟಾಕ್, ಮೂರು ವರ್ಷದ ದುಡ್ಡು ಮುಂಗಡ. ನಿಮ್ಮದು ನಿಂತು ತಿನ್ನೋ ಹೋಟೆಲ್, ಟೇಬಲ್ ಎಲ್ಲಿದೆ? ನಾನೂ ಮೊದಲ ಹೋಟೆಲಿಗೆ ಇಂಥದ್ದೇ ಪ್ಯಾಕೇಜ್ ತಗೊಂಡು ಕೈ ಸುಟ್ಟುಕೊಂಡವನು, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ. ಮೇಲಿನ ಕಾಮೆಂಟಲ್ಲಿ ಮೂರ್ನಾಲ್ಕು ಜನ "ಒಳ್ಳೇ ರೇಟು, ತಗೊಳ್ಳಿ" ಅಂದಿದ್ದಾರೆ. ತಗೋಬೇಡಿ.

ಟಚ್ ಸ್ಕ್ರೀನ್ ಹದಿನೈದು ಇಂಚೋ ಟ್ಯಾಬೋ ಅನ್ನೋದು ಆಮೇಲಿನ ಮಾತು. ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಕ್ಯೂ ರಸ್ತೆಗೆ ಬಂದಾಗ "ಎರಡು ಇಡ್ಲಿ-ವಡೆ, ಒಂದು ಖಾಲಿ ದೋಸೆ, ಮೂರು ಕಾಫಿ" ಅನ್ನೋ ಆರ್ಡರಿಗೆ ಎಷ್ಟು ಸಲ ಬೆರಳು ಒತ್ತಬೇಕು ಅಂತ ಎಣಿಸಿ. ಜಾಸ್ತಿ ಹೋಗೋ ಐಟಂ ಎಲ್ಲಾ ಮೊದಲ ಪರದೆಯಲ್ಲೇ ಇರಬೇಕು. "ಗಿರಾಕಿ ಮೊಬೈಲ್ ನಂಬರ್ ಹಾಕಿ" ಅಂತ ಕೇಳೋ ಪರದೆ ಬಂತೋ, ಅದನ್ನ ಆಫ್ ಮಾಡೋಕಾಗತ್ತಾ ಕೇಳಿ. ಆಗಲ್ಲ ಅಂದ್ರೆ ಆ ಸಾಫ್ಟ್‌ವೇರ್ ಬೇಡವೇ ಬೇಡ. ಇಂಟರ್ನೆಟ್ ವೈರ್ ಕಿತ್ತು ತೋರಿಸಿ ಅನ್ನಿ. ನೆಟ್ ಇಲ್ಲದಿದ್ರೂ ಟೋಕನ್ ಬರಬೇಕು, ಬಿಲ್ ನಂಬರ್ ತಪ್ಪಬಾರದು.

ಈಗ ಮುಖ್ಯವಾದದ್ದು. ಸಾಫ್ಟ್‌ವೇರ್ ಲಾಭ ತರಲ್ಲ. ಟೋಕನ್ ಲೆಕ್ಕಾನ ಅಡುಗೆಮನೆ ಲೆಕ್ಕದ ಜೊತೆ ದಿನಾ ರಾತ್ರಿ ತಾಳೆ ಹಾಕೋದು ಲಾಭ ತರತ್ತೆ. ನಾನು ಹಾಲಿನಿಂದ ಶುರು ಮಾಡ್ತೀನಿ. ನಮ್ಮ ಲೋಟಕ್ಕೆ 75 ಮಿಲಿ ಹಾಲು ಹೋಗತ್ತೆ, ಅಂದ್ರೆ ಲೀಟರಿಗೆ 13 ಕಾಫಿ. ಕಾಫಿ-ಟೀಗೆ ಅಂತ 40 ಲೀಟರ್ ಕಾಯಿಸಿದ್ರೆ 520 ಲೋಟ ಆಗಬೇಕು. ಟೋಕನ್ 430 ತೋರಿಸಿದ್ರೆ 90 ಲೋಟ ಎಲ್ಲೋ ಹೋಗಿದೆ. ಲೋಟಕ್ಕೆ 15 ರೂಪಾಯಿ ಹಿಡಿದ್ರೂ ದಿನಕ್ಕೆ 1,350, ತಿಂಗಳಿಗೆ 40,500. ಎಷ್ಟೋ ಕಡೆ ಇಷ್ಟರಲ್ಲಿ ಒಬ್ಬ ಅಡುಗೆ ಮಾಸ್ಟರ್ ಪಗಾರ ಹುಟ್ಟತ್ತೆ. ಆದ್ರೆ ತಾಳೆ ಆಗಲಿಲ್ಲ ಅಂತ ಹುಡುಗರ ಮೇಲೆ ಎಗರಬೇಡಿ. ಮೊದಲು ಮೊಸರಿಗೆ, ಬಾದಾಮಿ ಹಾಲಿಗೆ ತೆಗೆದದ್ದು ಕಳೀರಿ, ಉಕ್ಕಿ ಚೆಲ್ಲಿದ್ದು ಕೇಳಿ, ಉಳಿದದ್ದು ಅಳೀರಿ. ಸ್ಟಾಫ್ ಕಾಫಿಗೆ ಸೊನ್ನೆ ರೂಪಾಯಿಯ ಒಂದು ಬಟನ್ ಇಡಿ, ತರಕಾರಿಯವನಿಗೆ, ಪೇಪರ್ ಹುಡುಗನಿಗೆ ಕೊಟ್ಟ ಕಾಫಿನೂ ಅದರಲ್ಲೇ ಒತ್ತಲಿ. ಕೊಡಬೇಡಿ ಅಂತಲ್ಲ, ಕೊಟ್ಟದ್ದು ಕಾಣಬೇಕು. ನಿಮ್ಮ ಲೋಟ ಬೇರೆ ಇರತ್ತೆ, ನಿಮ್ಮ ಅಳತೆ ನೀವೇ ತೆಗೀರಿ, ನನ್ನ 13 ಹಿಡ್ಕೊಂಡು ಕೂರಬೇಡಿ. ಹಾಲಿನ ಲೆಕ್ಕ ಹದಕ್ಕೆ ಬಂದ ಮೇಲೆ ಇಡ್ಲಿ ಲೆಕ್ಕ, ಅದಾದ ಮೇಲೆ ಮಸಾಲೆ ದೋಸೆ. ದೋಸೆಗೆ ಹಿಟ್ಟಿಗಿಂತ ಪಲ್ಯದ ಲೆಕ್ಕ ಸುಲಭ.

ಇದಕ್ಕೆ ಬೇಕಾಗಿರೋದು ಐಟಂವಾರು ಮಾರಾಟದ ರಿಪೋರ್ಟು ಮತ್ತೊಂದು ನೋಟ್‌ಬುಕ್. ಚಟ್ನಿಗೆ ಎಷ್ಟು ಗ್ರಾಂ ಕಾಯಿ, ಒಗ್ಗರಣೆಗೆ ಎಷ್ಟು ಸಾಸಿವೆ ಅಂತ ಕಂಪ್ಯೂಟರಿಗೆ ತುಂಬಿಸ್ತಾ ಕೂರೋ ರೆಸಿಪಿ ಸ್ಟಾಕು ನಮ್ಮಂಥ ಹೋಟೆಲಲ್ಲಿ ನಡೆದದ್ದು ನಾನು ನೋಡಿಲ್ಲ. ಹಾಲು, ಎಣ್ಣೆ, ಅಕ್ಕಿ, ಉದ್ದು, ಕಾಯಿ, ಕಾಫಿಪುಡಿ, 19 ಕೆಜಿ ಸಿಲಿಂಡರ್, ಇಷ್ಟನ್ನ ಬಿಗಿ ಹಿಡೀರಿ ಸಾಕು.

ಕ್ಯಾನ್ಸಲ್ ಮತ್ತು ರೀಪ್ರಿಂಟ್ ಎರಡಕ್ಕೂ ಪಾಸ್‌ವರ್ಡ್ ನಿಮ್ಮ ಹತ್ತಿರವೇ ಇರಲಿ. ಕ್ಯಾಷಿಯರ್ ಎಷ್ಟೇ ನಂಬಿಕಸ್ಥ ಆಗಲಿ, ಸ್ವಂತ ಭಾವಮೈದ ಆಗಲಿ. ಟೋಕನ್ ತಗೊಂಡ ದೋಸೆ ಕೌಂಟರಿನವರು ಅದನ್ನ ಅಲ್ಲೇ ಹರಿದು ಮೊಳೆಗೆ ಚುಚ್ಚಬೇಕು. ಇಡೀ ಟೋಕನ್ ವಾಪಸ್ ಕ್ಯಾಷ್ ಕೌಂಟರಿಗೆ ಬಂದ್ರೆ ಅದು ಇನ್ನೊಂದು ಸಲ ಮಾರಾಟ ಆಗತ್ತೆ, ಯಾವ ಸಾಫ್ಟ್‌ವೇರಿಗೂ ಗೊತ್ತಾಗಲ್ಲ.

ಜಿಎಸ್‌ಟಿ ಸೆಟಪ್ಪನ್ನ ಡೀಲರ್ ಹುಡುಗನಿಗೆ ಬಿಡಬೇಡಿ. ನೀವು ಕಾಂಪೋಸಿಷನ್, ಅಂದ್ರೆ ಸಣ್ಣ ವ್ಯಾಪಾರಿಗಳ ಜಿಎಸ್‌ಟಿ ಸ್ಕೀಮ್ ಅಂದಿದ್ದೀರಿ. ಹಾಗಿದ್ರೆ ಗಿರಾಕಿ ಹತ್ತಿರ ತೆರಿಗೆ ವಸೂಲಿ ಮಾಡೋ ಹಾಗಿಲ್ಲ, 5 ಪರ್ಸೆಂಟ್ ನಿಮ್ಮ ಜೇಬಿಂದ. ಕೊಡಬೇಕಾದ್ದು ಬಿಲ್ ಆಫ್ ಸಪ್ಲೈ, ಅಂದ್ರೆ ತೆರಿಗೆ ಸಾಲಿಲ್ಲದ ಬಿಲ್. ಈ ಡೀಲರ್ ಹುಡುಗರು ಎಲ್ಲರ ಬಿಲ್ಲಿಗೂ ಸಿಜಿಎಸ್‌ಟಿ 2.5, ಎಸ್‌ಜಿಎಸ್‌ಟಿ 2.5 ಅಂತ ತೆರಿಗೆ ಸಾಲು ಹಾಕಿ ಹೋಗ್ತಾರೆ, ಅದನ್ನ ನಿಂತು ತೆಗೆಸಿ. "ಮಷಿನ್ ಮೇಲಿನ ಜಿಎಸ್‌ಟಿ ವಾಪಸ್ ಬರತ್ತೆ" ಅಂತ ಡೀಲರ್ ಅಂದಿದ್ದಾನಂತಲ್ಲ, ನಿಮಗೆ ಬರಲ್ಲ. ಕಾಂಪೋಸಿಷನ್‌ನವರಿಗೂ ಇಲ್ಲ, 5 ಪರ್ಸೆಂಟ್ ರೆಗ್ಯುಲರ್ ಹೋಟೆಲಿನವರಿಗೂ ಇಲ್ಲ. ಕೊಟೇಷನ್ನಿಗೆ 18 ಪರ್ಸೆಂಟ್ ಸೇರಿಸಿಯೇ ಖರ್ಚು ಅಂದ್ಕೊಳ್ಳಿ. ಬಿಲ್ಲಲ್ಲಿ ಎಫ್‌ಎಸ್‌ಎಸ್‌ಎಐನ 14 ಅಂಕಿ ಆಹಾರ ಲೈಸೆನ್ಸ್ ಅಥವಾ ರಿಜಿಸ್ಟ್ರೇಷನ್ ನಂಬರ್ ಇರಲೇಬೇಕು, 2022ರ ಜನವರಿಯಿಂದ ಕಡ್ಡಾಯ.

ಕ್ಯಾಷು, ಯುಪಿಐ ಬೇರೆ ಬೇರೆ ಒತ್ತೋದು ಅಭ್ಯಾಸ ಮಾಡಿಸಿ. ಕ್ಯೂಆರ್ ಹೋಟೆಲಿನ ಕರೆಂಟ್ ಅಕೌಂಟಿಂದೇ ಇರಲಿ, ಮನೆಯವರ ಫೋನಿನದ್ದು ಬೇಡ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಬೇಕರಿ, ಕಾಂಡಿಮೆಂಟ್ಸ್‌ನವರಿಗೆ ನೋಟಿಸ್ ಕೊಟ್ಟಾಗ ಮನೆ ದುಡ್ಡು, ಅಂಗಡಿ ದುಡ್ಡು ಬೆರೆಸಿಕೊಂಡವರು ಎಷ್ಟು ಒದ್ದಾಡಿದ್ರು ಅಂತ ಈ ಗುಂಪಲ್ಲೇ ನೋಡಿದ್ದೀವಿ.

ಪ್ರಿಂಟರ್ 80 ಎಂಎಂ, ಆಟೋ ಕಟರ್ ಇರೋದೇ ತಗೊಳ್ಳಿ. 58 ಎಂಎಂ ಅಗ್ಗ, ಆದ್ರೆ ಹರಿಯೋದ್ರಲ್ಲೇ ಕ್ಯೂ ನಿಲ್ಲತ್ತೆ. ನನ್ನ ಓಟು ಎಪ್ಸನ್ ಟಿಎಂ-ಟಿ82ಗೆ. ದುಬಾರಿ ಅನ್ನೋರು ಟಿವಿಎಸ್ ತಗೋಬಹುದು, ನಡೆಯತ್ತೆ. ಇಡ್ಲಿ ಸ್ಟೀಮರ್ ಪಕ್ಕ ಇಡಬೇಡಿ, ಥರ್ಮಲ್ ಪೇಪರ್ ಬಿಸಿಗೆ ಕಪ್ಪಾಗತ್ತೆ. ಟೋಕನ್ ಕನ್ನಡದಲ್ಲಿ ಬೇಕಿದ್ರೆ ಡೆಮೊದಲ್ಲೇ "ತಟ್ಟೆ ಇಡ್ಲಿ, ಬೆಣ್ಣೆ ದೋಸೆ" ಅಂತ ಪ್ರಿಂಟ್ ಹಾಕಿಸಿ, ಒತ್ತಕ್ಷರ ಸರಿಯಾಗಿ ಕೂರತ್ತಾ ನೋಡಿ. ಒಳಗೆ ಹೊರ ರಾಜ್ಯದ ಹುಡುಗರಿದ್ರೆ ಐಟಂ ಪಕ್ಕ ದೊಡ್ಡದಾಗಿ ಕೋಡ್ ನಂಬರ್ ಬರಲಿ. ಯುಪಿಎಸ್ ಕಂಪ್ಯೂಟರಿಗೆ ಮಾತ್ರ ಅಲ್ಲ, ಪ್ರಿಂಟರಿಗೂ ರೌಟರಿಗೂ ಬೇಕು.

ಸ್ವಿಗ್ಗಿ, ಜೊಮ್ಯಾಟೊ ಮೊದಲ ಮೂರು ತಿಂಗಳು ಮುಟ್ಟಬೇಡಿ. ಕಮಿಷನ್ನು, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಡಬ್ಬಿ ಖರ್ಚು ಕಳೆದು ಒಂದು ಪ್ಲೇಟ್ ಇಡ್ಲಿಗೆ ಏನು ಉಳಿಯತ್ತೆ ಬರೆದು ನೋಡಿ. ಆಮೇಲೆ ಬೇಕು ಅನ್ನಿಸಿದ್ರೆ ಪೆಟ್‌ಪೂಜಾದಂಥ ಬಿಲ್ಲಿಂಗ್ ಸಾಫ್ಟ್‌ವೇರ್‌ಗಳು ಆ ಆರ್ಡರೆಲ್ಲಾ ಒಂದೇ ಪರದೆಗೆ ತರ್ತವೆ, ಅಲ್ಲಿ ಅದರ ದುಡ್ಡು ವಸೂಲಾಗತ್ತೆ. ಬರೀ ಕೌಂಟರ್ ಮಾರಾಟಕ್ಕೆ ಅಷ್ಟೆಲ್ಲಾ ಬೇಕಿಲ್ಲ.

ಡೀಲರನ್ನ ಬೆಳಿಗ್ಗೆ ಎಂಟೂವರೆಗೆ, ಅವನದೇ ಸಾಫ್ಟ್‌ವೇರ್ ಹಾಕಿರೋ ಇನ್ನೊಂದು ದರ್ಶಿನಿಗೆ ಕರ್ಕೊಂಡು ಹೋಗು ಅನ್ನಿ. ಕ್ಯಾಷಿಯರ್ ಪಕ್ಕ ಅರ್ಧ ಗಂಟೆ ನಿಂತು ನೋಡಿ. ಭಾನುವಾರ ಕೆಟ್ಟರೆ ಯಾರು ಫೋನ್ ಎತ್ತುತ್ತಾರೆ, ಬಿಟ್ಟು ಹೋಗೋದಾದ್ರೆ ನಮ್ಮ ಡೇಟಾ ಎಕ್ಸೆಲ್‌ನಲ್ಲಿ ಕೊಡ್ತಾರಾ, ಇವೆರಡನ್ನೂ ಬರಹದಲ್ಲಿ ತಗೊಳ್ಳಿ. ಒಂದು ವರ್ಷಕ್ಕಿಂತ ಹೆಚ್ಚಿಗೆ ಮುಂಗಡ ಬೇಡ. ಹೊಸ ಕೊಟೇಷನ್ ಬಂದ ಮೇಲೆ ಇಲ್ಲೇ ಹಾಕಿ, ಯಾವ ಸಾಲು ಹೊಡೆದು ಹಾಕಿಸಬೇಕು ಅಂತ ಹೇಳ್ತೀನಿ.